ಹರಿಹರದ ರಸ್ತೆಯ ಸೈಕಲ್ ಸವಾರರು

ದಾವಣಗೆರೆಯಿಂದ ಹರಿಹರಕ್ಕೆ ಹಳೆಯ ಪಿ.ಬಿ. ರಸ್ತೆಯಲ್ಲಿ ಸುಮಾರು 14 ಕಿ.ಮೀ. ಪೂನಾ–ಬೆಂಗಳೂರು ರಸ್ತೆ ಎಂಬ ಹೆಸರು ಜನರ ಬಾಯಲ್ಲಿ ಸವೆದು ಪಿ.ಬಿ. ಆಗಿ ಉಳಿದ ಈ ದಾರಿ ದೊಡ್ಡಬಾತಿಯನ್ನು ಹಾದು, ಗದ್ದೆ ತೋಟಗಳ ನಡುವೆ ಸಾಗಿ ತುಂಗಭದ್ರೆಯ ದಂಡೆ ಮುಟ್ಟುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹರಿಹರ ಹೊಳೆಯ ಮಗ್ಗುಲಿಗಿರುವುದರಿಂದ ಅದಕ್ಕಿಂತ ತಗ್ಗು. ಬಸ್ಸಿನಲ್ಲಿ ಕೂತವರಿಗೆ ಈ ಇಳಿಜಾರು ಗೊತ್ತೇ ಆಗುವುದಿಲ್ಲ. ಸೈಕಲ್ ತುಳಿಯುವವರಿಗೆ ಗೊತ್ತಾಗುತ್ತದೆ, ಆದರೆ ಅವರ ಲೆಕ್ಕದಲ್ಲಿ ಇಳಿಜಾರಿಗಿಂತ ದೊಡ್ಡದು ಗಾಳಿ. ಹರಿಹರ ಇರುವುದು ದಾವಣಗೆರೆಯ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿಕೊಂಡು. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಗಾಳಿ ಬೀಸುವುದೂ ಪಶ್ಚಿಮದ ಕಡೆಯಿಂದಲೇ. ಆ ಮೂರು ತಿಂಗಳು ಹೋಗುವಾಗ ಗಾಳಿ ಎದೆಗೆ, ಬರುವಾಗ ಬೆನ್ನಿಗೆ. ಒಂದೇ ರಸ್ತೆ ಎರಡು ರಸ್ತೆಯಾಗುತ್ತದೆ. ಇಲ್ಲಿನ ಸೈಕಲ್ ಸವಾರಿಯ ಚರಿತ್ರೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಉಳಿದು ಬಂದಿರುವುದು ಈ ಗಾಳಿಯೇ. ಅದಕ್ಕೆ ಎದೆಯೊಡ್ಡಲು ಜನ ಕಂಡುಕೊಂಡ ಉಪಾಯವೂ ಒಂದೇ: ಜೊತೆಯಾಗಿ ತುಳಿಯುವುದು.

ಹರಿಹರ ದಾವಣಗೆರೆಗಿಂತ ಬಹಳ ಹಳೆಯ ಊರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಇಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ್ದು 13ನೆಯ ಶತಮಾನದ ಮೊದಲ ಭಾಗದಲ್ಲಿ. ದಾವಣಗೆರೆ ಪೇಟೆಯಾಗಿ ಬೆಳೆದದ್ದು ಹೈದರಾಲಿಯ ಕಾಲದಿಂದ ಈಚೆಗೆ. ಜಹಗೀರು ಪಡೆದ ಮರಾಠಾ ಸರದಾರ ವರ್ತಕರನ್ನು ಕರೆತಂದು ನೆಲೆ ಕೊಟ್ಟ. ಎರಡೂ ಊರುಗಳನ್ನು ಉತ್ತರದ ಸೀಮೆಗೆ ಗಟ್ಟಿಯಾಗಿ ಬೆಸೆದದ್ದು ಹರಿಹರದ ಸೇತುವೆ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ತುಂಗಭದ್ರೆಗೆ ಕಲ್ಲು, ಇಟ್ಟಿಗೆಯಲ್ಲಿ ಕಟ್ಟಿದ ಈ ಸೇತುವೆ ಮುಗಿದದ್ದು 1868ರಲ್ಲಿ. 60 ಅಡಿ ಹರವಿನ 14 ಕಮಾನುಗಳು, ಸುಮಾರು ಮೂರೂವರೆ ಲಕ್ಷ ರೂಪಾಯಿ ಖರ್ಚು. ಹತ್ತಿ ಹೇರಿದ ಎತ್ತಿನ ಗಾಡಿಗಳು ಮಳೆಗಾಲದಲ್ಲೂ ಹೊಳೆ ದಾಟುವಂತಾಯಿತು. ಅದೇ ವರ್ಷದ ಮೇ 31ರಂದು ಪ್ಯಾರಿಸ್ ಪಕ್ಕದ ಸೇಂಟ್ ಕ್ಲೌ ಉದ್ಯಾನದಲ್ಲಿ ಸೈಕಲ್ ಪಂದ್ಯ ನಡೆಯಿತು. ಸೈಕಲ್ ಪಂದ್ಯಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಅಂದಿನ ಸೈಕಲ್ಲಿಗೆ ಮರದ ಚಕ್ರ, ಅದಕ್ಕೆ ಕಬ್ಬಿಣದ ಪಟ್ಟಿ. ಚೈನೂ ಇಲ್ಲ, ಗಾಳಿ ತುಂಬಿದ ಟ್ಯೂಬೂ ಇಲ್ಲ.

ಟ್ಯೂಬು ಬಂದದ್ದು ಇಪ್ಪತ್ತು ವರ್ಷ ತಡೆದು. ಬೆಲ್‌ಫಾಸ್ಟ್‌ನಲ್ಲಿ ದನದ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಸುತ್ತಿ, ಅದಕ್ಕೆ ಪೇಟೆಂಟ್ ಪಡೆದದ್ದು 1888ರಲ್ಲಿ. ಹರಿಹರದ ಮಟ್ಟಿಗೆ ಆ ವರ್ಷಕ್ಕೆ ಇನ್ನೊಂದು ಮಹತ್ವವೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ತಮ್ಮ ಅಣ್ಣನೊಡನೆ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ತೆರೆದದ್ದು 1888ರಲ್ಲೇ. ಲಕ್ಷ್ಮಣರಾಯರು ಆಗ ಮುಂಬಯಿಯಲ್ಲಿದ್ದರು. ಅಲ್ಲಿಂದ ಸೈಕಲ್ ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ಮಾರುವುದು. ಕೊಂಡವರಿಗೆ ಸವಾರಿಯನ್ನೂ ಕಲಿಸಬೇಕಾಗಿತ್ತು, ಏಕೆಂದರೆ ಕಲಿಸುವವರು ಬೇರೆ ಯಾರೂ ಇರಲಿಲ್ಲ. ಕಿರ್ಲೋಸ್ಕರ್ ಎಂಬ ದೊಡ್ಡ ಉದ್ಯಮದ ಬೇರು ಈ ಸೈಕಲ್ ಅಂಗಡಿ. ಸೈಕಲ್ ರಿಪೇರಿಯ ಕೈ ಕಬ್ಬಿಣದ ಕೆಲಸಕ್ಕೆ ತಿರುಗಿತು. ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಬಂದವು. ಕಬ್ಬಿಣ ತಾಕಿದರೆ ಹೊಲ ಕೆಡುತ್ತದೆ ಎಂದು ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ, ಮಹಾಯುದ್ಧ ನಡೆಯುತ್ತಿದ್ದಾಗ, ಮೈಸೂರು ಸಂಸ್ಥಾನದ ಗಡಿಯೂರು ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಲೇತ್ ಮೊದಲಾದ ಯಂತ್ರಗಳನ್ನು ಮಾಡುವ ಯಂತ್ರಗಳು ಅಲ್ಲಿ ತಯಾರಾಗುತ್ತಿದ್ದವು. ಕಾರ್ಖಾನೆಯ ಸುತ್ತಲಿನ ಬಡಾವಣೆಗೆ ಯಂತ್ರಾಪುರ ಎಂದೇ ಹೆಸರು ಬಿತ್ತು. ಸೈಕಲ್ ಅಂಗಡಿಯಿಂದ ಹೊರಟ ಮನೆತನ ಹರಿಹರ ಮುಟ್ಟಿದಾಗ, ಅದರ ಗೇಟಿನ ಮುಂದೆ ಪಾಳಿಗೆ ಬಂದು ನಿಂತವು ನೂರಾರು ಸೈಕಲ್‌ಗಳು.

ಅತ್ತ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಏಳುತ್ತಿದ್ದವು. ದಾವಣಗೆರೆ ಕಾಟನ್ ಮಿಲ್ಸ್ ಸ್ವಾತಂತ್ರ್ಯಕ್ಕೆ ಮೊದಲೇ ನಡೆಯುತ್ತಿತ್ತು. ಶಂಕರ್, ಚಂದ್ರೋದಯ, ಆಂಜನೇಯ, ಯಲ್ಲಮ್ಮ ಮಿಲ್‌ಗಳು ಊರಿನ ದಿನಚರಿಯ ಭಾಗವಾದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಅಂಟಿಕೊಂಡದ್ದು ಆಗ. 1972ರಲ್ಲಿ ಹರಿಹರದ ಹೊಳೆಯಾಚೆ, ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಹೀಗೆ ಒಂದು ತುದಿಯಲ್ಲಿ ನೂಲು, ಇನ್ನೊಂದು ತುದಿಯಲ್ಲಿ ಕಬ್ಬಿಣ, ಹೊಳೆಯಾಚೆ ಕೃತಕ ನಾರು. ನಡುವೆ ಹಳ್ಳಿಗಳಿಂದ ಕೆಲಸಕ್ಕೆ ಬರುವ ಜನ. ಮೂರು ಪಾಳಿಯ ಕೆಲಸಕ್ಕೆ ಬಸ್ಸಿನ ವೇಳೆ ಹೊಂದುವುದಿಲ್ಲ. ರಾತ್ರಿ ಪಾಳಿ ಬಿಟ್ಟಾಗ ಬಸ್ಸೇ ಇರುವುದಿಲ್ಲ. ಸೈಕಲ್ ಒಂದೇ ಆಧಾರ.

ಸೈಕಲ್ ಸಿಗುವುದೂ ಆ ಹೊತ್ತಿಗೆ ಸುಲಭವಾಗಿತ್ತು. ಇಂಗ್ಲೆಂಡಿನಿಂದ ಬರುತ್ತಿದ್ದ ರ‍್ಯಾಲಿ, ಹಂಬರ್, ಬಿ.ಎಸ್.ಎ.ಗಳನ್ನು ಕೊಳ್ಳುವುದು ಉಳ್ಳವರಿಗೆ ಮಾತ್ರ ಆಗುತ್ತಿತ್ತು. ಮದರಾಸಿನ ಬಳಿಯ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಶುರುವಾದ ಮೇಲೆ ಸೈಕಲ್ ಕೂಲಿಕಾರರ ಮನೆಗೂ ಬಂತು. 28 ಇಂಚಿನ ಚಕ್ರ, ಕಪ್ಪು ಬಣ್ಣ, ರಾಡ್ ಬ್ರೇಕು, ಚೈನಿಗೆ ಮುಚ್ಚಳ, ಹಿಂದೆ ಕ್ಯಾರಿಯರ್. ತೂಕ ಸುಮಾರು 20 ಕಿಲೋ, ಗೇರು ಒಂದೇ. ಕೊಳ್ಳಲಾಗದವರಿಗೆ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಗಂಟೆ ಲೆಕ್ಕ, ಹೆಸರು ಬರೆಯುವ ನೋಟ್ ಬುಕ್ಕು, ಮಡ್‌ಗಾರ್ಡಿನ ಮೇಲೆ ನಂಬರು. ಸೀಟಿಗೆ ಕಾಲು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತರು. ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆದು ಸೈಕಲ್ಲಿಗೆ ಬಿಗಿಯಬೇಕಿತ್ತು. ರಾತ್ರಿ ದೀಪವಿಲ್ಲದಿದ್ದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ದೀಪಕ್ಕೆ ಡೈನಮೊ, ಚಕ್ರಕ್ಕೆ ಒತ್ತಿಕೊಂಡು ತಿರುಗುವ ಆ ಪುಟ್ಟ ಯಂತ್ರ ಬೆಳಕು ಕೊಡುತ್ತಿತ್ತು, ಬದಲಿಗೆ ಕಾಲಿನ ಕಸುವನ್ನು ಕಸಿಯುತ್ತಿತ್ತು.

ಇಂಥ ಸೈಕಲ್ ಮೇಲೆ ಆಷಾಢದ ಗಾಳಿಗೆ ಎದುರಾಗಿ 14 ಕಿ.ಮೀ. ತುಳಿಯುವುದು ಏನೆಂಬುದನ್ನು ಅರಿಯಲು ದಾವಣಗೆರೆಯ ಮಂಡಕ್ಕಿ ಚೀಲಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಮಂಡಕ್ಕಿ ಭಟ್ಟಿಗಳಿಂದ ಅಂಗಡಿಗಳಿಗೆ ಸೈಕಲ್ ಮೇಲೆ ಚೀಲ ಸಾಗಿಸುವವರ ಕಷ್ಟ ಭಾರದ ಕಷ್ಟವಲ್ಲ. ಆಳೆತ್ತರದ ಚೀಲವೂ ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ಆದರೆ ಕ್ಯಾರಿಯರ್ ಮೇಲೆ ಅಡ್ಡಲಾಗಿ ಕಟ್ಟಿದ ಚೀಲ ಗಾಳಿಗೆ ಹಾಯಿಯಂತೆ ಉಬ್ಬಿ ನಿಲ್ಲುತ್ತದೆ. ಅಕ್ಕಿ ಮೂಟೆ ಹೇರಿದವನು ಏರಿನಲ್ಲಿ ಸೋಲುತ್ತಾನೆ, ಮಂಡಕ್ಕಿ ಹೇರಿದವನು ಸಪಾಟು ರಸ್ತೆಯಲ್ಲೇ ಸೋಲುತ್ತಾನೆ. ಬುದ್ಧಿವಂತ ಸವಾರ ಚೀಲವನ್ನು ಉದ್ದುದ್ದ ಕಟ್ಟಿ, ತಲೆ ಬಗ್ಗಿಸಿ, ಮುಂದೆ ಹೋಗುವ ಎತ್ತಿನ ಗಾಡಿಯ ಅಥವಾ ನಿಧಾನದ ಟ್ರ್ಯಾಕ್ಟರಿನ ಮರೆ ಹಿಡಿಯುತ್ತಾನೆ.

ಈ ಮರೆಯೇ ಸೈಕಲ್ ಪಂದ್ಯದ ಎಲ್ಲ ತಂತ್ರಗಳ ತಾಯಿ. ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ದಾಟಿದ ಸವಾರ ಖರ್ಚು ಮಾಡುವ ಶಕ್ತಿಯ ಬಹುಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಕಾಲು ಎಂಟರಷ್ಟು ದುಡಿಯಬೇಕು. ಮುಂದಿನವನ ಹಿಂದಿನ ಚಕ್ರಕ್ಕೆ ಒಂದು ಮೊಳ ಅಂತರದಲ್ಲಿ ಅಂಟಿಕೊಂಡು ಹೋಗುವವನಿಗೆ ಈ ದುಡಿಮೆಯಲ್ಲಿ ಕಾಲುಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಉಳಿತಾಯ. ದೊಡ್ಡ ಗುಂಪಿನ ನಡುವೆ ಇರುವವನಿಗೆ ಇನ್ನೂ ಹೆಚ್ಚು. ಪಾಳಿ ಬಿಟ್ಟು ಸಾಲಾಗಿ ಮನೆಗೆ ಹೊರಟ ಕೆಲಸಗಾರರಿಗೆ ಈ ಲೆಕ್ಕ ಬೇಕಿರಲಿಲ್ಲ. ಎದುರುಗಾಳಿಯಲ್ಲಿ ಹಿಂದೆ ಇದ್ದರೆ ಹಗುರ ಎನ್ನುವುದನ್ನು ಮೈ ತಾನೇ ಕಲಿಸುತ್ತದೆ. ಮುಂದಿದ್ದವನು ದಣಿದಾಗ ಇನ್ನೊಬ್ಬ ಮುಂದೆ ಬರಬೇಕು ಎನ್ನುವುದು ಜೊತೆಗಾರರ ನಡುವಿನ ಮರ್ಯಾದೆ, ಅದೇ ಮುಂದೆ ಆಟದ ನಿಯಮ.

ಸೈಕಲ್ಲಿನ ಮೇಲಿನ ಕಷ್ಟ ಸಹಿಸುವುದನ್ನು ಜನ ಆಟವೆಂದು ನೋಡಿದ್ದು ಮೊದಲು ರಸ್ತೆಯಲ್ಲಲ್ಲ, ಮೈದಾನದಲ್ಲಿ. ನಾನ್‌ಸ್ಟಾಪ್ ಸೈಕಲ್ ಎಂಬ ಪ್ರದರ್ಶನ ಮಧ್ಯ ಕರ್ನಾಟಕದ ಊರೂರುಗಳಲ್ಲಿ ನಡೆಯುತ್ತಿತ್ತು. ಮೂರು ದಿನ, ಐದು ದಿನ, ಏಳು ದಿನ ಒಬ್ಬನೇ ಮನುಷ್ಯ ನೆಲಕ್ಕೆ ಕಾಲೂರದೆ ಸುತ್ತುತ್ತಲೇ ಇರುತ್ತಿದ್ದ. ನಡುವೆ ಕಂಬ, ಕಂಬಕ್ಕೆ ಧ್ವನಿವರ್ಧಕ, ಸುತ್ತ ಬಣ್ಣದ ಬಲ್ಬಿನ ಸರ. ಊಟ, ಹಲ್ಲುಜ್ಜುವುದು, ಬಟ್ಟೆ ಬದಲಿಸುವುದು, ತಲೆಯ ಮೇಲೆ ಕೊಡ ಸುರಿದು ಸ್ನಾನ, ಎಲ್ಲವೂ ಸೈಕಲ್ ಮೇಲೆಯೇ. ಸಂಜೆ ಜನ ಕೂಡಿದಾಗ ಸರ್ಕಸ್ಸು. ನಡುರಾತ್ರಿ ಜನ ಕರಗಿದ ಮೇಲೆ, ತೂಕಡಿಕೆಯಲ್ಲಿ ಹ್ಯಾಂಡಲ್ ವಾಲಿದಾಗ ಪಕ್ಕದಲ್ಲಿ ಓಡಿ ಹೆಗಲು ಕೊಡುವ ಗೆಳೆಯ. ಒಂಟಿ ಮನುಷ್ಯನ ಸಾಹಸವೆಂದು ಸಾರುತ್ತಿದ್ದ ಆ ಆಟವೂ ನಡೆಯುತ್ತಿದ್ದದ್ದು ತಂಡದ ಬಲದಿಂದ. ನಾಲ್ಕಾಣೆ, ಎಂಟಾಣೆ, ಅಕ್ಕಿ, ಬಟ್ಟೆ ಸೇರಿದ ಜೋಳಿಗೆಯೇ ಅವರ ಸಂಬಳ. ಈ ಸವಾರರ ಹೆಸರು ಯಾವ ಕ್ರೀಡಾ ದಾಖಲೆಯಲ್ಲೂ ಸೇರಲಿಲ್ಲ. ಸೇರಬೇಕಾದ ಅರ್ಹತೆ ಅವರಿಗೆ ಖಂಡಿತ ಇತ್ತು.

ಶಾಲೆ, ಸಂಘಗಳ ವಾರ್ಷಿಕೋತ್ಸವಗಳಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇದ್ದೇ ಇರುತ್ತಿತ್ತು. ಕೊನೆಗೆ ಬಂದವನೇ ಗೆದ್ದವನು. ವೇಗದ ಪಂದ್ಯ ಬೇರೂರಿದ್ದು ಹೊಳೆಯಿಂದ ಇನ್ನೂ ಉತ್ತರಕ್ಕೆ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ. ಅಲ್ಲಿನ ಜಾತ್ರೆಗಳಲ್ಲಿ ಬಂಡಿ ಓಟ, ಗುಂಡು ಎತ್ತುವುದು, ಚೀಲ ಎತ್ತುವುದರ ಸಾಲಿಗೆ ಸೈಕಲ್ ಓಟವೂ ಸೇರಿಕೊಂಡಿತು. ಕ್ರೀಡಾ ಇಲಾಖೆ ವಿಜಯಪುರ, ಬಾಗಲಕೋಟೆಗಳಲ್ಲಿ ಸೈಕ್ಲಿಂಗ್‌ಗೆಂದೇ ಕ್ರೀಡಾನಿಲಯ ನಡೆಸಿತು. ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆಯೂ ಸವಾರರನ್ನು ಬೆಳೆಸಿತು. ರೈತರ, ಕೂಲಿಕಾರರ ಮಕ್ಕಳು ರಾಷ್ಟ್ರೀಯ ಪದಕ ತಂದರು, ಹೆಣ್ಣುಮಕ್ಕಳು ಅದರಲ್ಲಿ ಹಿಂದೆ ಬೀಳಲಿಲ್ಲ. ದಾವಣಗೆರೆಯ ಒಲವು ಬೇರೆ ಕಡೆ ಇತ್ತು. ಅದು ಗರಡಿ ಮನೆಗಳ ಊರು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಬಯಲು ಕುಸ್ತಿ ಇಲ್ಲದಿದ್ದರೆ ಜಾತ್ರೆ ಪೂರ್ತಿಯಾಗದು, ಕ್ರೀಡಾನಿಲಯಕ್ಕೂ ಹೆಸರು ಬಂದದ್ದು ಕುಸ್ತಿಯಿಂದ. ಮಿಲ್ ಕೆಲಸಗಾರನಿಗೆ ಸೈಕಲ್ ದುಡಿಮೆಯ ಸಾಧನ. ಆಟಕ್ಕೆ ಕೆಂಪು ಮಣ್ಣಿನ ಅಖಾಡ ಇತ್ತು. ದಿನವೂ ಗಾಳಿಗೆ ಎದುರಾಗಿ ತುಳಿಯುವವನಿಗೆ ಅದನ್ನೇ ಭಾನುವಾರವೂ ಮಾಡಲು ಮನಸ್ಸಾಗದಿದ್ದದ್ದು ಸಹಜ.

ತಂಡವಾಗಿ ತುಳಿಯುವುದನ್ನು ಸೈಕಲ್ ಪಂದ್ಯದ ದೊಡ್ಡವರೇ ಬಹಳ ಕಾಲ ಮೋಸವೆಂದು ತಿಳಿದಿದ್ದರು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಆರಂಭಿಸಿದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್‌ಗೆ ಬೇಕಾಗಿದ್ದದ್ದು ಒಂಟಿ ಮನುಷ್ಯನ ಹೋರಾಟ. ಪಂಕ್ಚರ್ ಆದರೂ, ಸೈಕಲ್ ಮುರಿದರೂ ಸವಾರ ತಾನೇ ಸರಿಪಡಿಸಿಕೊಳ್ಳಬೇಕು. ಒಬ್ಬ ಇನ್ನೊಬ್ಬನಿಗೆ ನೆರವಾಗಕೂಡದು. 1911ರಲ್ಲಿ ಮೋರಿಸ್ ಬ್ರೊಕೊ ಎಂಬ ಸವಾರ ತಾನು ಗೆಲ್ಲುವ ಆಸೆ ಬಿಟ್ಟು, ಹಣಕ್ಕಾಗಿ ಬೇರೊಬ್ಬನಿಗೆ ಗಾಳಿ ತಡೆದುಕೊಟ್ಟ. ಸಿಟ್ಟಿಗೆದ್ದ ದೆಗ್ರಾಂಜ್ ಅವನನ್ನು ಪತ್ರಿಕೆಯಲ್ಲಿ ಮನೆಯಾಳು ಎಂದು ಜರೆದ. ಫ್ರೆಂಚಿನ ದೊಮೆಸ್ತಿಕ್ ಎಂಬ ಆ ಬೈಗುಳ ಮುಂದೆ ಬೈಗುಳವಾಗಿ ಉಳಿಯಲಿಲ್ಲ. ನಾಯಕನಿಗಾಗಿ ದುಡಿಯುವ, ನೀರು ತಂದುಕೊಡುವ, ಅವನ ಚಕ್ರ ಕೆಟ್ಟರೆ ತನ್ನ ಚಕ್ರ ಬಿಚ್ಚಿಕೊಡುವ ಸವಾರನಿಗೆ ಅದೇ ಗೌರವದ ಹೆಸರಾಯಿತು. 1930ರಲ್ಲಿ ದೇಶಗಳ ತಂಡಗಳಿಗೆ ಒಪ್ಪಿಗೆ ಸಿಕ್ಕಿತು, 1937ರಲ್ಲಿ ಗೇರು ಬದಲಿಸುವ ಸಾಧನಕ್ಕೂ ಸಿಕ್ಕಿತು. ಆ ವೇಳೆಗೆ ರಸ್ತೆ ಪಂದ್ಯ ತಂಡದ ಆಟವೇ ಆಗಿಹೋಗಿತ್ತು, ಬಹುಮಾನ ಮಾತ್ರ ಒಬ್ಬನಿಗೆ. ಕುಸ್ತಿಯಲ್ಲೂ ಕಬಡ್ಡಿಯಲ್ಲೂ ಇಲ್ಲದ ಈ ಗುಣ ಸೈಕಲ್ ಪಂದ್ಯದ್ದು.

ಭಾರತದ ಸವಾರರು 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋಗಿದ್ದರು. ದೇಶದೊಳಗೆ ಹೆಚ್ಚು ಹೆಸರಾದದ್ದು 1945ರಿಂದ ನಡೆದುಬಂದ ಮುಂಬಯಿ–ಪುಣೆ ಪಂದ್ಯ. ಅದರ ತಿರುಳು ಖಂಡಾಲಾ ಘಾಟಿ. ಘಾಟಿಯನ್ನು ಮೊದಲು ಹತ್ತಿದವನಿಗೆ ಘಾಟಿನ ರಾಜ ಎಂದು ಬೇರೆಯೇ ಬಹುಮಾನ. ಹರಿಹರದ ರಸ್ತೆ ಅದೇ ಪುಣೆಯ ಹೆದ್ದಾರಿಯ ಇನ್ನೊಂದು ತುಣುಕು. ಇಲ್ಲಿ ಘಾಟಿಯಿಲ್ಲ, ಗಾಳಿಯಿದೆ. ಘಾಟಿಯಲ್ಲಿ ವೇಗ ಕಡಿಮೆಯಾದ್ದರಿಂದ ಮರೆಗೆ ಬೆಲೆ ಕಡಿಮೆ. ಹಗುರ ಮೈಯವನು ಒಂಟಿಯಾಗಿ ಗೆಲ್ಲಬಲ್ಲ. ಬಯಲಿನಲ್ಲಿ ಒಂಟಿಯವನನ್ನು ಗುಂಪು ಹಿಡಿದೇ ಹಿಡಿಯುತ್ತದೆ.

1980ರ ದಶಕದಿಂದ ಈಚೆಗೆ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತವು. ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಪಾಳಿಯ ಸೈಕಲ್ ಸಾಲುಗಳೂ ಅದರೊಂದಿಗೆ ಕರಗಿದವು. ಉಳಿದವರು ಮೊಪೆಡ್, ಬೈಕು ಹಿಡಿದರು. ಹೆದ್ದಾರಿ ನಾಲ್ಕು ಪಥವಾಗಿ ಊರ ಹೊರಗೆ ಹೋಯಿತು, ಹಳೆಯ ಪಿ.ಬಿ. ರಸ್ತೆ ಊರವರ ಪಾಲಿಗೆ ಉಳಿಯಿತು. 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿ ರಸ್ತೆಗಳಲ್ಲಿ ಮತ್ತೆ ಸೈಕಲ್ ಗುಂಪುಗಳು ಕಂಡವು, ಈ ಬಾರಿ ಹುಡುಗಿಯರೂ ಇದ್ದರು.

ಆಮೇಲೆ ಬಂದವರು ನಡುವಯಸ್ಸಿನವರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಂತೆ ಇಲ್ಲೂ ವೈದ್ಯರು, ಉಪನ್ಯಾಸಕರು, ಅಂಗಡಿ ಮಾಲೀಕರು, ಬ್ಯಾಂಕಿನವರು ಗೇರಿನ ಸೈಕಲ್ ಕೊಂಡು ನಸುಕಿನಲ್ಲಿ ಹೊರಡತೊಡಗಿದರು. ಮಧುಮೇಹ, ಮೊಣಕಾಲು ನೋವು, ವೈದ್ಯರ ಎಚ್ಚರಿಕೆ, ಹೀಗೆ ಶುರುವಾದ ಸವಾರಿ ಕೆಲವರನ್ನು ಬ್ರೆವೆ ಎಂಬ ದೂರದ ಸವಾರಿಗೆ ಎಳೆಯಿತು. ಅದರಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಗಡುವು; ಗೆಲುವು ಸೋಲು ಇಲ್ಲ, ಮುಗಿಸಿದರೆ ಸಾಕು. ಇನ್ನು ಕೆಲವರನ್ನು ಪಂದ್ಯದ ಹುಚ್ಚು ಹಿಡಿಯಿತು. 35 ದಾಟಿದವರನ್ನು ಐದೈದು ವರ್ಷದ ಗುಂಪು ಮಾಡಿ ಓಡಿಸುವ ವಿಭಾಗಕ್ಕೆ ಮಾಸ್ಟರ್ಸ್ ಎಂದು ಹೆಸರು. ಬೆಂಗಳೂರಿನ ಸುತ್ತ ಹವ್ಯಾಸಿಗಳೇ ನಡೆಸಿಕೊಂಡು ಬಂದ ಪಂದ್ಯಗಳಲ್ಲಿ ಈ ವಿಭಾಗಕ್ಕೆ ಒಳ್ಳೆಯ ನೆಲೆ ಸಿಕ್ಕಿತು. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್ ವಿಜಯಪುರದಲ್ಲೇ ನಡೆದಾಗ ಉತ್ತರ ಕರ್ನಾಟಕದ ಹಳೆಯ ಹೆಸರಿಗೆ ಮತ್ತೊಮ್ಮೆ ಮನ್ನಣೆ ಸಿಕ್ಕಂತಾಯಿತು.

ಹವ್ಯಾಸಿ ತಂಡ ಎಂದರೆ ನಾಲ್ಕರಿಂದ ಆರು ಜನ. ಸಂಬಳವಿಲ್ಲ, ಹಿಂದೆ ಬರುವ ಕಾರಿಲ್ಲ, ಕಿವಿಯಲ್ಲಿ ರೇಡಿಯೋ ಇಲ್ಲ. ಯಾರು ಯಾರಿಗಾಗಿ ದುಡಿಯಬೇಕೆಂದು ಹಿಂದಿನ ರಾತ್ರಿ ಚಹಾ ಕುಡಿಯುತ್ತ ಮಾತಾಡಿಕೊಂಡದ್ದೇ ಒಪ್ಪಂದ. ಆ ಮಾತು ಕಷ್ಟದ್ದು, ಏಕೆಂದರೆ ಬಂದವರೆಲ್ಲ ತಮ್ಮ ದುಡ್ಡು, ತಮ್ಮ ನಿದ್ದೆ ಕಳೆದುಕೊಂಡು ಬಂದವರು. ಗೆಲ್ಲಬೇಕೆಂಬ ಆಸೆ ಯಾರಿಗಿಲ್ಲ? ಹಾಗಾಗಿ ಪಾತ್ರಗಳನ್ನು ಮೈಗುಣ ನೋಡಿ ಹಂಚುತ್ತಾರೆ. ಕೊನೆಯ 200 ಮೀಟರಿನಲ್ಲಿ ಸಿಡಿಯಬಲ್ಲವನು ಒಬ್ಬನಿದ್ದರೆ ಅವನನ್ನು ಅಲ್ಲಿಯವರೆಗೂ ಗಾಳಿಯಿಂದ ಮುಚ್ಚಿಡುವುದು ಉಳಿದವರ ಕೆಲಸ. ಅಂಥವನಿಲ್ಲದ ತಂಡ ಬೇರೆ ದಾರಿ ಹಿಡಿಯುತ್ತದೆ. ಒಬ್ಬೊಬ್ಬರಾಗಿ ಗುಂಪಿನಿಂದ ಸಿಡಿದು ಓಡುತ್ತಾರೆ. ಪ್ರತಿ ಸಲ ಬೆನ್ನಟ್ಟಬೇಕಾದವರು ಎದುರಾಳಿಗಳು. ಬೆನ್ನಟ್ಟಿ ಹಿಡಿದ ಕೂಡಲೇ, ಅವರ ಉಸಿರು ಕೂಡುವ ಮೊದಲೇ, ಇನ್ನೊಬ್ಬ ಸಿಡಿಯುತ್ತಾನೆ. ತನ್ನ ತಂಡದವನು ಮುಂದೆ ಓಡುತ್ತಿರುವಾಗ ಹಿಂದಿನ ಗುಂಪಿನಲ್ಲಿ ಉಳಿದವರು ದುಡಿಯದೆ ಇತರರ ಮರೆಯಲ್ಲಿ ಕೂತರೆ ಅದು ಸೋಮಾರಿತನವಲ್ಲ, ಅದೂ ತಂತ್ರವೇ.

ಗಾಳಿ ನೇರ ಎದುರಿನಿಂದ ಬಂದರೆ ಸಾಲು ಒಂದರ ಹಿಂದೊಂದು. ಮುಂದಿನವನು ಅರ್ಧ ನಿಮಿಷ, ಒಂದು ನಿಮಿಷ ಎಳೆದು, ಪಕ್ಕಕ್ಕೆ ಸರಿದು, ಸಾಲಿನ ತುದಿಗೆ ಜಾರುತ್ತಾನೆ. ಸರಿಯುವಾಗ ಮೊಣಕೈ ಅಲ್ಲಾಡಿಸುವುದು ಸನ್ನೆ. ಮುಂದೆ ಬಂದವನು ಹುಮ್ಮಸ್ಸಿನಲ್ಲಿ ವೇಗ ಏರಿಸಬಾರದು. ಏರಿಸಿದರೆ ಈಗಷ್ಟೇ ದಣಿದು ತುದಿಗೆ ಹೋದವನು ಸಾಲು ಹಿಡಿಯಲಾರದೆ ಕಳಚಿಕೊಳ್ಳುತ್ತಾನೆ. ಹೊಸಬರು ಮಾಡುವ ಮೊದಲ ತಪ್ಪು ಇದೇ. ಹರಿಹರದ ಕಡೆಗೆ ಹೋಗುವಾಗ ಮುಂಗಾರು ಗಾಳಿ ಬಹುಪಾಲು ಎಡಮುಂಭಾಗದಿಂದ ಬರುತ್ತದೆ. ಆಗ ಮರೆ ಇರುವುದು ಹಿಂದಿನ ಚಕ್ರದ ನೇರಕ್ಕಲ್ಲ, ತುಸು ಬಲಕ್ಕೆ. ಸಾಲು ಬೀಸಣಿಗೆಯಂತೆ ರಸ್ತೆಗೆ ಓರೆಯಾಗಿ ಹರಡಬೇಕು. ರಸ್ತೆಯ ಅಗಲ ಮುಗಿದಲ್ಲಿ ಮರೆಯೂ ಮುಗಿಯುತ್ತದೆ. ಕೊನೆಯವನು ಅಂಚಿನಲ್ಲಿ ಒಂಟಿಯಾಗಿ ಗಾಳಿಗೆ ಸಿಗುತ್ತಾನೆ. ಲಾರಿ, ಬಸ್ಸು ಓಡಾಡುವ ತೆರೆದ ರಸ್ತೆಯಲ್ಲಿ ಬಲಕ್ಕೆ ಹರಡುವುದು ಪ್ರಾಣಕ್ಕೆ ಅಪಾಯ. ರಸ್ತೆ ಮುಚ್ಚಿ ನಡೆಸುವ ಪಂದ್ಯಕ್ಕೆ ಮಾತ್ರ ಈ ವಿದ್ಯೆ ಸಲ್ಲುತ್ತದೆ.

ಮೈ ಪಡುವ ಪಾಡಿಗೂ ಒಂದು ಕ್ರಮವಿದೆ. ಮೊದಲು ತೊಡೆ ಉರಿಯುತ್ತದೆ, ಆಮೇಲೆ ಉಸಿರು ಎಣಿಕೆ ತಪ್ಪುತ್ತದೆ. ತಿಂದ ಅನ್ನದಿಂದ ಹುಟ್ಟುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ನಾಲ್ಕರಲ್ಲಿ ಒಂದು ಪಾಲು. ಉಳಿದ ಮೂರು ಪಾಲು ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಬೆವರೇ ಅದಕ್ಕೆ ಮುಖ್ಯ ಹೊರದಾರಿ, ಗಂಟೆಗೆ ಲೀಟರಿನಷ್ಟು. ಬಿಸಿಲು ನೆತ್ತಿಗೆ ಬಂದ ಮೇಲೆ ನಡೆಯುವ ಬೇಸಗೆಯ ಪಂದ್ಯದಲ್ಲಿ ಕುಡಿದ ನೀರು ಸಾಲುವುದೇ ಇಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಂಶ ಅರ್ಧ ಕಿಲೋದಷ್ಟು. ಬಿರುಸಿನ ಸವಾರಿಯಲ್ಲಿ ಅದು ಒಂದೂವರೆ, ಎರಡು ಗಂಟೆಗೆ ಬರಿದಾಗುತ್ತದೆ. ಬರಿದಾದ ಕ್ಷಣ ಗುಟ್ಟಾಗಿ ಬರುವುದಿಲ್ಲ: ಕೈ ನಡುಗುತ್ತದೆ, ಕಣ್ಣಿಗೆ ಕತ್ತಲೆ ಕಟ್ಟುತ್ತದೆ, ಮುಂದಿನವನ ಚಕ್ರ ಮೊಳದಿಂದ ಮಾರು, ಮಾರಿನಿಂದ ಹತ್ತು ಮಾರು ದೂರವಾಗುತ್ತದೆ. ಬಾಳೆಹಣ್ಣು, ಬೆಲ್ಲ, ಶೇಂಗಾ ಚಿಕ್ಕಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹಸಿವಾಗುವ ಮೊದಲೇ ತಿನ್ನುವುದನ್ನು ಅನುಭವಸ್ಥರು ಮರೆಯುವುದಿಲ್ಲ. 35 ದಾಟಿದವರಿಗೆ ಇನ್ನೊಂದು ಕಷ್ಟ. ಹೃದಯದ ಗರಿಷ್ಠ ಬಡಿತ ವರ್ಷವರ್ಷಕ್ಕೂ ಇಳಿಯುತ್ತದೆ, ಆಮ್ಲಜನಕ ಹೀರುವ ಸಾಮರ್ಥ್ಯವೂ ಕುಗ್ಗುತ್ತದೆ. ಬಿಡದೆ ಅಭ್ಯಾಸ ಮಾಡಿದವರಲ್ಲಿ ಇಳಿಕೆ ನಿಧಾನ, ಅಷ್ಟೇ. ಪಂದ್ಯದ ಮರುದಿನ ಇಪ್ಪತ್ತರ ಹುಡುಗ ಮತ್ತೆ ತುಳಿಯುತ್ತಾನೆ, ನಲವತ್ತೈದರವನು ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಾನೆ. ಆದರೆ ಗಾಳಿಯ ದಿಕ್ಕು ಓದುವುದರಲ್ಲಿ, ಯಾರ ಹಿಂದೆ ಅಡಗಬೇಕು, ಯಾವಾಗ ಸುಮ್ಮನಿರಬೇಕು ಎಂದು ತಿಳಿಯುವುದರಲ್ಲಿ ವಯಸ್ಸು ಸವಾರನ ಪರವಾಗಿ ಕೆಲಸ ಮಾಡುತ್ತದೆ. ಮಾಸ್ಟರ್ಸ್ ಪಂದ್ಯಗಳಲ್ಲಿ ತಂತ್ರ ಹೆಚ್ಚು ಸ್ಪಷ್ಟವಾಗಿ ಕಾಣುವುದು ಇದಕ್ಕೇ.

ಹರಿಹರದಲ್ಲಿ ತಿರುಗಿ ದಾವಣಗೆರೆಗೆ ಮರಳುವಾಗ ಲೆಕ್ಕ ಬದಲಾಗುತ್ತದೆ. ರಸ್ತೆ ಮೆಲ್ಲಗೆ ಏರು, ಗಾಳಿ ಬೆನ್ನಿಗೆ. ಬೆನ್ನುಗಾಳಿಯಲ್ಲಿ ಮರೆಯ ಲಾಭ ಕುಗ್ಗುತ್ತದೆ. ಹಿಂದೆ ಅಡಗಿದವನಿಗೂ ಮುಂದೆ ಇರುವವನಿಗೂ ಅಂತರ ಕಡಿಮೆ. ಹೋಗುವಾಗ ಸಿಡಿದವನನ್ನು ಗುಂಪು ಸುಲಭವಾಗಿ ನುಂಗುತ್ತದೆ, ಬರುವಾಗ ಸಿಡಿದವನು ಉಳಿದುಬಿಡಬಹುದು. ಆದ್ದರಿಂದ ಬಲವಾದ ತಂಡ ಹೋಗುವಾಗ ಸಾಲಿನಲ್ಲಿ ದುಡಿಯುವಂತೆ ಎದುರಾಳಿಗಳನ್ನು ಒತ್ತಾಯಿಸಿ, ತಿರುವು ಕಳೆದ ಕೂಡಲೇ, ಎಲ್ಲರೂ ಬ್ರೇಕ್ ಹಿಡಿದು ವೇಗ ಕಳೆದುಕೊಂಡ ಆ ಗಳಿಗೆಯಲ್ಲಿ ಏಟು ಹಾಕುತ್ತದೆ. ಗುಂಪು ಒಡೆಯದೆ ಕೊನೆಯವರೆಗೂ ಬಂದರೆ ಸಿಡಿಯುವವನ ಮುಂದೆ ಅವನ ಗೆಳೆಯ ಪೂರ್ಣ ವೇಗದಲ್ಲಿ ಎಳೆಯುತ್ತಾನೆ, ಗೆರೆಗೆ 200 ಮೀಟರ್ ಇರುವಾಗ ಪಕ್ಕಕ್ಕೆ ಸರಿಯುತ್ತಾನೆ. ಸರಿದ ಮೇಲೆ ಅವನ ಕಾಲಲ್ಲಿ ಏನೂ ಉಳಿದಿರುವುದಿಲ್ಲ. ಹತ್ತಿಪ್ಪತ್ತು ಜನ ಅವನನ್ನು ದಾಟಿ ಹೋಗುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ಅವನ ಹೆಸರು ಅಷ್ಟು ಕೆಳಗೆ ಇರುತ್ತದೆ. ಗೆರೆ ದಾಟಿ ನಿಂತ ಗೆಳೆಯರು ಮಾತ್ರ ಸೈಕಲ್ ತಿರುಗಿಸಿಕೊಂಡು ನೀರಿನ ಬಾಟಲಿ ಹಿಡಿದು ಅವನ ಎದುರಿಗೆ ಹೋಗುತ್ತಾರೆ.